ಮುದ್ದೆ ಇಳಿಯುವ ದಾರಿ: 25 ಸೆಂಟಿಮೀಟರ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಬಂದ ಹೊಸಬರ ಮುಂದೆ ಮುದ್ದೆ ಇಟ್ಟಾಗ ಮನೆಯವರು ಹೇಳಿಕೊಡುವ ಪಾಠ ಒಂದೇ: ‘ಅಗೀಬೇಡಿ, ನುಂಗಿ.’ ತುತ್ತು ಮುರಿದು, ಬೆರಳಲ್ಲಿ ಉರುಟು ಮಾಡಿ, ಹುರುಳಿ ಸಾರಿನಲ್ಲಿ ಹೊರಳಿಸಿ, ನಾಲಗೆಯ ಹಿಂದಕ್ಕೆ ತಳ್ಳಿದರೆ ನಮ್ಮ ಕೆಲಸ ಮುಗಿಯಿತು. ಮಿಕ್ಕಿದ್ದೆಲ್ಲ ಒಳಗಿನವರ ಪಾಲು. ಹಲ್ಲಿಗೆ ರಜೆ ಕೊಟ್ಟು ಇಡೀ ಊಟವನ್ನು ಅನ್ನನಾಳಕ್ಕೆ ಒಪ್ಪಿಸಿಬಿಡುವ ಜನ ನಾವು. ಆದರೆ ಆ ಅನ್ನನಾಳ ಎಷ್ಟುದ್ದ, ಏನು ಮಾಡುತ್ತದೆ ಎಂದು ಕೇಳಿದವರು ಕಡಿಮೆ.

ಉದ್ದ ಸುಮಾರು 25 ಸೆಂಟಿಮೀಟರ್. ಒಂದು ಗೇಣು, ಮೇಲೆ ಎರಡು ಬೆರಳಗಲ. ತೋಟದಲ್ಲಿ ನಿಂತಿರುವ ಹಳೆಯ ತೆಂಗಿನ ಮರ 80 ಅಡಿ, ಅಂದರೆ ಹತ್ತಿರ ಹತ್ತಿರ 25 ಮೀಟರ್. ಮರದ ನೂರನೇ ಒಂದು ಪಾಲು ನಮ್ಮ ಅನ್ನನಾಳ. ಮರ ಬೇರಿನ ನೀರನ್ನು 25 ಮೀಟರ್ ಮೇಲಕ್ಕೆ ಏರಿಸುತ್ತದೆ, ನಾವು ತುತ್ತನ್ನು 25 ಸೆಂಟಿಮೀಟರ್ ಕೆಳಕ್ಕೆ ಇಳಿಸುತ್ತೇವೆ. ಏರಿಸುವುದು ಕಷ್ಟ, ಇಳಿಸುವುದರಲ್ಲಿ ಏನಿದೆ ಎನ್ನಿಸಬಹುದು. ಲೆಕ್ಕ ಹಾಕಿದರೆ ಹಾಗನ್ನಿಸುವುದಿಲ್ಲ.

ಮನುಷ್ಯ ದಿನಕ್ಕೆ ಸುಮಾರು 600 ಸಲ ನುಂಗುತ್ತಾನೆ. ಊಟದ ಹೊತ್ತಿನದು ಅದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದೆಲ್ಲ ಗಮನಕ್ಕೇ ಬಾರದೆ ನಡೆಯುವ ಉಗುಳು ನುಂಗುವಿಕೆ, ನಿದ್ದೆಯಲ್ಲೂ ಅದು ಪೂರ್ತಿ ನಿಲ್ಲುವುದಿಲ್ಲ. ಬಾಯಿ ದಿನಕ್ಕೆ ಸುಮಾರು ಒಂದು ಲೀಟರ್ ಜೊಲ್ಲು ಸುರಿಸುತ್ತದೆ. ಮೂರು ಎಳನೀರಿನಷ್ಟು ದ್ರವ ದಿನವೂ ಸದ್ದಿಲ್ಲದೆ ಕೆಳಗಿಳಿಯುತ್ತದೆ. 600ನ್ನು 365ರಿಂದ ಗುಣಿಸಿದರೆ ವರ್ಷಕ್ಕೆ 2,19,000 ಸಲ. ಎಪ್ಪತ್ತು ವರ್ಷ ಬದುಕಿದವರು 1 ಕೋಟಿ 53 ಲಕ್ಷ ಸಲ ನುಂಗಿರುತ್ತಾರೆ. ಒಂದೊಂದು ಸಲಕ್ಕೂ ಮೇಲಿನಿಂದ ಕೆಳಗಿನವರೆಗೆ ಸ್ನಾಯುಗಳ ಅಲೆಯೊಂದು ಎರೆಹುಳು ಹರಿದಂತೆ ಹರಿದು, ಹತ್ತು ಸೆಕೆಂಡಿನೊಳಗೆ ತುತ್ತನ್ನು ಹೊಟ್ಟೆಯ ಬಾಗಿಲಿಗೆ ಮುಟ್ಟಿಸಬೇಕು. ಬಾಗಿಲು ಅದೇ ಹೊತ್ತಿಗೆ ತೆರೆಯಬೇಕು, ತುತ್ತು ದಾಟಿದೊಡನೆ ಮುಚ್ಚಬೇಕು.

ಈ ಬಾಗಿಲನ್ನು ಕೆರೆಯ ತೂಬಿಗೆ ಹೋಲಿಸಿದರೆ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಅನ್ನನಾಳದ ಕೆಳತುದಿಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಸ್ನಾಯುವಿನ ಬಿಗಿ ಉಂಗುರವಿದೆ. ಸದಾ ಮುಚ್ಚಿರುವುದೇ ಅದರ ಸ್ವಭಾವ, ಇಲ್ಲದಿದ್ದರೆ ಹೊಟ್ಟೆಯ ಆಮ್ಲ ಮೇಲಕ್ಕೆ ಉಕ್ಕುತ್ತದೆ. ನುಂಗಿದಾಗ ಮಾತ್ರ ಅದು ಸಡಿಲವಾಗಬೇಕು. ಸಡಿಲವಾಗು ಎಂದು ಹೇಳುವವರು ಅನ್ನನಾಳದ ಗೋಡೆಯೊಳಗೇ ಇರುವ ನರಕೋಶಗಳು. ಅವರು ಈ ತೂಬಿನ ನೀರಗಂಟಿಗಳು. ಒಂದು ಸಾರಜನಕ, ಒಂದು ಆಮ್ಲಜನಕ, ಎರಡೇ ಪರಮಾಣುಗಳ ನೈಟ್ರಿಕ್ ಆಕ್ಸೈಡ್ ಅನಿಲವೇ ಅವರ ಮುಖ್ಯ ಸಂದೇಶ. ಕೆಲವೇ ಸೆಕೆಂಡು ಬದುಕುವ ಅನಿಲವದು. ದೇಹದಲ್ಲಿ ಅದು ಸಂದೇಶ ಒಯ್ಯುತ್ತದೆ ಎಂದು ತೋರಿಸಿಕೊಟ್ಟ ಮೂವರಿಗೆ 1998ರಲ್ಲಿ ನೊಬೆಲ್ ಬಂತು.

ಅನ್ನನಾಳದಿಂದ ಗುದದವರೆಗಿನ ದಾರಿಯ ಗೋಡೆಗಳಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಅವುಗಳಲ್ಲಿ ಈ ಒಂದು ಗೇಣಿನ ನೀರಗಂಟಿಗಳಷ್ಟೇ ಒಬ್ಬೊಬ್ಬರಾಗಿ ಸಾಯುತ್ತಾ ಬಂದರೆ ಅದು ಅಕಲೇಶಿಯಾ. ಸಡಿಲಗೊಳ್ಳದಿರುವಿಕೆ ಎಂದೇ ಆ ಗ್ರೀಕ್ ಮೂಲದ ಪದದ ಅರ್ಥ. ತೂಬು ತೆರೆಯುವುದಿಲ್ಲ, ತಳ್ಳುವ ಅಲೆಯೂ ಏಳುವುದಿಲ್ಲ. ಕೆರೆ ತುಂಬುತ್ತದೆ. ಎರಡು ಸೆಂಟಿಮೀಟರ್ ಅಗಲದ ಅನ್ನನಾಳದಲ್ಲಿ ಲೆಕ್ಕಕ್ಕೆ 78 ಮಿಲಿಲೀಟರ್ ಹಿಡಿಯುತ್ತದೆ. ರೋಗ ಬಲಿತವರಲ್ಲಿ ಅದು ಆರು ಸೆಂಟಿಮೀಟರಿಗೂ ಹಿಗ್ಗುವುದುಂಟು. ಅಗಲ ಮೂರು ಪಟ್ಟಾದರೆ ಹಿಡಿಯುವ ಪ್ರಮಾಣ ಒಂಬತ್ತು ಪಟ್ಟು, ಅಂದರೆ 700 ಮಿಲಿಲೀಟರಿಗೂ ಮೇಲೆ. ಹೊಟ್ಟೆ ಸೇರಬೇಕಾದ ಅನ್ನ, ಸಾರು, ಮಜ್ಜಿಗೆ ಎದೆಗೂಡಿನಲ್ಲೇ ನಿಂತು ಹುಳಿಯುತ್ತದೆ. ರಾತ್ರಿ ಮಲಗಿದಾಗ ಬಾಯಿಗೆ ಮರಳಿ ದಿಂಬು ತೋಯುತ್ತದೆ, ಕೆಮ್ಮು ಎಬ್ಬಿಸುತ್ತದೆ. ತೂಕ ಇಳಿಯುತ್ತದೆ.

ಇದು ಅಪರೂಪದ ಕಾಯಿಲೆ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೆ ಹೊಸದಾಗಿ ಬರುತ್ತದೆ, ಯಾವುದೇ ಕಾಲದಲ್ಲಿ ಲಕ್ಷಕ್ಕೆ ಸುಮಾರು ಹತ್ತು ಮಂದಿ ಇದರೊಡನೆ ಬದುಕುತ್ತಿರುತ್ತಾರೆ ಎಂಬುದು ಜಗತ್ತಿನ ಸ್ಥೂಲ ಲೆಕ್ಕ. ಲಕ್ಷಕ್ಕೆ ಒಂದು ಎಂದರೆ ನಮಗೆ ಸಂಬಂಧವಿಲ್ಲದ್ದು ಎನ್ನಿಸುತ್ತದೆ. ಅದೇ ಪ್ರಮಾಣ ಇಲ್ಲಿಗೂ ಸಲ್ಲುತ್ತದೆ ಎಂದುಕೊಂಡು ಗುಣಿಸಿ ನೋಡಿ. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಜನಸಂಖ್ಯೆ 26,78,980. ವರ್ಷಕ್ಕೆ 26 ಅಥವಾ 27 ಹೊಸ ರೋಗಿಗಳು, ಒಟ್ಟು 260ಕ್ಕೂ ಹೆಚ್ಚು ಮಂದಿ. ಕೊಬ್ಬರಿ ನಾಡಿನ ಮೂರು ತಾಲ್ಲೂಕು ಸೇರಿ ಸರಿಸುಮಾರು ಆರು ಲಕ್ಷ ಜನ ಎಂದರೆ ಅರವತ್ತರಷ್ಟು ಮಂದಿ. ಒಂದು ಬಸ್ಸು ತುಂಬಿ ಹತ್ತಾರು ಜನ ನಿಲ್ಲುವಷ್ಟು. ರಾಜ್ಯದ 6 ಕೋಟಿ 11 ಲಕ್ಷಕ್ಕೆ ಆರು ಸಾವಿರದ ನೂರು. ಊಟ ಎದೆಯಲ್ಲೇ ನಿಲ್ಲುವವರ ಒಂದು ದೊಡ್ಡ ಹಳ್ಳಿಯೇ ಆಯಿತು.

ಆ ಹಳ್ಳಿ ಯಾರ ಕಣ್ಣಿಗೂ ಬೀಳದಿರುವುದಕ್ಕೆ ಕಾರಣ ನಮ್ಮ ನಾಲಗೆಯ ಮೇಲೇ ಇದೆ: ‘ಗ್ಯಾಸ್ಟ್ರಿಕ್.’ ಎದೆ ಹಿಡಿದರೆ ಗ್ಯಾಸ್ಟ್ರಿಕ್, ತೇಗು ಬಂದರೆ ಗ್ಯಾಸ್ಟ್ರಿಕ್, ಊಟ ವಾಪಸು ಬಂದರೂ ಗ್ಯಾಸ್ಟ್ರಿಕ್. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಸಂಜೆಗೆ ಜೀರಿಗೆ ಕಷಾಯ, ಅದಕ್ಕೂ ಬಗ್ಗದಿದ್ದರೆ ದೃಷ್ಟಿ ತೆಗೆಸುವುದು. ನಮ್ಮಲ್ಲಷ್ಟೇ ಹೀಗೆ ಎಂದುಕೊಳ್ಳಬೇಡಿ. ಜರ್ಮನಿಯಲ್ಲಿ 87 ಅಕಲೇಶಿಯಾ ರೋಗಿಗಳನ್ನು ವಿಚಾರಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಲಕ್ಷಣ ಕಂಡಂದಿನಿಂದ ರೋಗದ ಹೆಸರು ತಿಳಿಯುವವರೆಗೆ ಹಿಡಿದ ಸರಾಸರಿ ಕಾಲ 4.7 ವರ್ಷ. ಫಲ ಕೊಡುವ ತೆಂಗಿನ ಮರ ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ. ಆ ಲೆಕ್ಕದಲ್ಲಿ ಮರ 56 ಹೊಂಬಾಳೆ ಬಿಡುವಷ್ಟು ಕಾಲ ಮನುಷ್ಯ ಹೆಸರಿಲ್ಲದ ಕಾಯಿಲೆಯೊಡನೆ ಊಟಕ್ಕೆ ಕೂರುತ್ತಾನೆ.

ಅಷ್ಟು ಕಾಲ ಅವರು ಬದುಕುವುದಾದರೂ ಹೇಗೆ? ನೀರಿನ ಬಲದಿಂದ. ಈ ರೋಗಿಗಳು ಪ್ರತಿ ತುತ್ತಿಗೂ ನೀರು ಕುಡಿಯುತ್ತಾರೆ, ಎದ್ದು ನಿಲ್ಲುತ್ತಾರೆ, ಎದೆ ಸೆಟೆಸುತ್ತಾರೆ. ಮನೆಯವರಿಗೆ ಇದು ವಿಚಿತ್ರ ಅಭ್ಯಾಸದಂತೆ ಕಾಣುತ್ತದೆ, ಆದರೆ ಅದರಲ್ಲಿ ಭೌತಶಾಸ್ತ್ರವಿದೆ. ತಳ್ಳುವ ಅಲೆ ಸತ್ತಮೇಲೆ ಉಳಿದಿರುವುದು ನೀರಿನ ಕಂಬದ ಭಾರವೊಂದೇ. ರಕ್ತದೊತ್ತಡ ಅಳೆಯುವ ಪಾದರಸದ ಮಾನದಲ್ಲಿ ಹೇಳುವುದಾದರೆ, ಒಂದು ಮಿಲಿಮೀಟರ್ ಪಾದರಸಕ್ಕೆ 1.36 ಸೆಂಟಿಮೀಟರ್ ನೀರು ಸಮ. 25 ಸೆಂಟಿಮೀಟರ್ ಅನ್ನನಾಳವನ್ನು ಕಂಠಮಟ್ಟ ತುಂಬಿಸಿಕೊಂಡು ನೆಟ್ಟಗೆ ನಿಂತರೂ ತೂಬಿನ ಮೇಲೆ ಬೀಳುವ ಭಾರ 18 ಮಿಲಿಮೀಟರ್ ಪಾದರಸದಷ್ಟು. ಅದಕ್ಕಿಂತ ಮೇಲಕ್ಕೆ ನೀರು ನಿಲ್ಲಿಸಲು ಜಾಗವಿಲ್ಲ, ಬಾಯಿ ಬಂದುಬಿಡುತ್ತದೆ. ಈ 18 ಎಂಬ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ರೋಗಿಯೊಬ್ಬನ ಕಥೆಯನ್ನು ಮೊದಲು ಬರೆದಿಟ್ಟವನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್, 1674ರಲ್ಲಿ. ಅವನು ತಿಮಿಂಗಿಲದ ಬಾಯಿಂದ ತೆಗೆದ, ಬಾಗುವ ಕಡ್ಡಿಯ ತುದಿಗೆ ಸ್ಪಂಜಿನ ಉಂಡೆ ಕಟ್ಟಿಕೊಟ್ಟ. ಉಂಡ ಮೇಲೆ ರೋಗಿ ಆ ಕಡ್ಡಿಯನ್ನು ಗಂಟಲೊಳಗೆ ಇಳಿಸಿ ಊಟವನ್ನು ತಾನೇ ಕೆಳಕ್ಕೆ ತಳ್ಳುತ್ತಿದ್ದ. ಹಾಗೆ 15 ವರ್ಷ ಬದುಕಿದ. ದಿನಕ್ಕೆ ಎರಡೇ ಊಟ ಎಂದು ಹಿಡಿದರೂ 10,950 ಸಲ ಕಡ್ಡಿ ಇಳಿಸಿರಬೇಕು. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಹೊಟ್ಟೆ ಸೀಳಿ, ಬಿಗಿದ ಸ್ನಾಯುವನ್ನು ಹೊರಗಿನಿಂದ ಕೊಯ್ದು ತೂಬು ಸಡಿಲಿಸಿದ. 1990ರ ದಶಕದಲ್ಲಿ ಅದೇ ಕೆಲಸ ಲ್ಯಾಪರೋಸ್ಕೋಪಿಯಿಂದ, ನಾಲ್ಕೈದು ಸಣ್ಣ ತೂತುಗಳ ಮೂಲಕ ಆಗತೊಡಗಿತು. 30ರಿಂದ 40 ಮಿಲಿಮೀಟರ್ ಅಗಲದ ಬಲೂನನ್ನು ಬಾಗಿಲಲ್ಲಿಟ್ಟು ಊದಿ ಸ್ನಾಯು ಹರಿಯುವುದು ಇನ್ನೊಂದು ದಾರಿ. ಬೊಟಾಕ್ಸ್ ಚುಚ್ಚಿ ಸಡಿಲಿಸುವುದು ಮತ್ತೊಂದು, ಆದರೆ ಅದರ ಪ್ರಭಾವ ತಿಂಗಳುಗಳಲ್ಲಿ ಇಳಿಯುತ್ತದೆ.

ಇವೆಲ್ಲಕ್ಕಿಂತ ಈಚಿನ ದಾರಿ ಪೋಯೆಮ್. ಇಂಗ್ಲಿಷಿನಲ್ಲಿ ಕವಿತೆಗಿರುವ ಹೆಸರೇ ಈ ಚಿಕಿತ್ಸೆಯ ಹೆಸರಿನ ಮೊದಲಕ್ಷರಗಳಿಂದ ಹುಟ್ಟಿದ್ದು ಕಾಕತಾಳೀಯ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಒಳಗಿನಿಂದಲೇ ಸ್ನಾಯು ಕೊಯ್ಯುವುದು ಎಂದು ಅದರ ತಾತ್ಪರ್ಯ. ಮೈಮೇಲೆ ಗಾಯದ ಲೆಕ್ಕ ಸೊನ್ನೆ.

ಹೇಳಲು ಸುಲಭ. ಅಳತೆ ನೋಡಿ. ಅನ್ನನಾಳದ ಗೋಡೆಯ ಒಟ್ಟು ದಪ್ಪ ಮೂರರಿಂದ ಐದು ಮಿಲಿಮೀಟರ್. ಅದರಲ್ಲಿ ಒಳಗಿನ ನುಣುಪು ಪೊರೆ ಒಂದು, ಹೊರಗಿನ ಸ್ನಾಯು ಒಂದು. ನಡುವೆ ಒಂದು ಮಿಲಿಮೀಟರಿಗಿಂತ ತೆಳುವಾದ, ಹತ್ತಿಯಂಥ ಸಡಿಲ ಪದರ. ಕೊಯ್ಯಬೇಕಾದದ್ದು ಸ್ನಾಯುವನ್ನು, ಆದರೆ ಅದರ ನೇರಕ್ಕೆ ಇರುವ ಪೊರೆ ತೂತಾಗಬಾರದು. ತೂತಾದರೆ ಉಂಡದ್ದು ಎದೆಗೂಡಿಗೆ ಸೋರುತ್ತದೆ. ಆಚೆ ಬದಿಯಲ್ಲಿ ಮಹಾಧಮನಿ ಇದೆ, ಹೃದಯದ ಎಡ ಮೇಲ್ಕೋಣೆ ಅನ್ನನಾಳಕ್ಕೆ ಒರಗಿಕೊಂಡೇ ಮಿಡಿಯುತ್ತಿದೆ. ಇಷ್ಟರ ನಡುವೆ, ಒಂದು ಮಿಲಿಮೀಟರಿಗೂ ಕಡಿಮೆ ಜಾಗದಲ್ಲಿ, ಹತ್ತು ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್ ನುಗ್ಗಬೇಕು!

ಇದು ಹೇಗೆ ಸಾಧ್ಯ ಎಂಬುದನ್ನು ಕೊಬ್ಬರಿ ಮಾಡುವವರಿಗೆ ವಿವರಿಸುವುದು ಸುಲಭ. ಸಿಪ್ಪೆ ಸಮೇತ ಕಾಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ತಾನಾಗಿ ಬಿಡುತ್ತದೆ. ಅಲ್ಲಾಡಿಸಿದರೆ ಒಳಗೆ ಗಿಟುಕು ಗಡಗಡ ಎನ್ನುತ್ತದೆ. ಆಮೇಲೆ ಚಿಪ್ಪು ಒಡೆದರೂ ಗಿಟುಕಿಗೆ ಗಾಯವಿಲ್ಲ. ಹಸಿಯಿರುವಾಗ ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಪದರಗಳ ನಡುವೆ ಈಗ ಜಾಗ ಹುಟ್ಟಿದೆ. ಪೋಯೆಮ್ ಮಾಡುವ ವೈದ್ಯರೂ ಹೀಗೇ ಜಾಗ ಹುಟ್ಟಿಸುತ್ತಾರೆ, ಆದರೆ ದಾರಿ ತಿರುವುಮುರುವು. ನಾವು ನೀರು ಇಂಗಿಸಿ ಪದರ ಬಿಡಿಸುತ್ತೇವೆ, ಅವರು ನೀರು ತುಂಬಿಸಿ ಬಿಡಿಸುತ್ತಾರೆ. ನಮಗೆ ಹತ್ತು ತಿಂಗಳು ಹಿಡಿದರೆ ಅವರಿಗೆ ನಿಮಿಷಗಳು.

ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ಅನ್ನನಾಳದ ನಡುಭಾಗದಲ್ಲಿ ಪೊರೆಯ ಕೆಳಗೆ ನೀಲಿ ಬಣ್ಣ ಬೆರೆಸಿದ ಉಪ್ಪುನೀರನ್ನು ಚುಚ್ಚುತ್ತಾರೆ. ಆ ಜಾಗ ಬೊಬ್ಬೆಯಂತೆ ಉಬ್ಬುತ್ತದೆ. ಉಬ್ಬಿದಲ್ಲಿ ಸುಮಾರು ಎರಡು ಸೆಂಟಿಮೀಟರ್ ಸೀಳಿ, ಸ್ಕೋಪಿನ ತುದಿಯನ್ನು ಒಳಕ್ಕೆ ತೂರಿಸುತ್ತಾರೆ. ಅಲ್ಲಿಂದ ಮುಂದೆ ನೀರು ಚುಚ್ಚುವುದು, ನೀಲಿಯಾದ ಹತ್ತಿಪದರವನ್ನು ಕೆಲವೇ ಮಿಲಿಮೀಟರ್ ಉದ್ದದ ವಿದ್ಯುತ್ ಚಾಕುವಿನಿಂದ ಬಿಡಿಸುವುದು, ಮತ್ತೆ ಚುಚ್ಚುವುದು. ಹೀಗೆ ಸುರಂಗ ಹೊಟ್ಟೆಯ ಮೇಲ್ಭಾಗದವರೆಗೆ ಇಳಿಯುತ್ತದೆ. ಊದಲು ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ಬಳಸುತ್ತಾರೆ, ಸೋರಿದರೂ ರಕ್ತ ಅದನ್ನು ಬೇಗ ಹೀರಿಕೊಳ್ಳುತ್ತದೆ. ಸುರಂಗದೊಳಗೆ ನಿಂತು ಉಂಗುರದಂತೆ ಸುತ್ತಿರುವ ಸ್ನಾಯುವನ್ನು ಎಳೆಎಳೆಯಾಗಿ ಕೊಯ್ಯುತ್ತಾರೆ. ಹಿಂದೆ ಸರಿದು, ಮೊದಲು ಸೀಳಿದ ಬಾಯಿಯನ್ನು ಪುಟ್ಟ ಲೋಹದ ಕ್ಲಿಪ್ಪುಗಳಿಂದ ಮುಚ್ಚುತ್ತಾರೆ. ಒಳಕ್ಕೆ ಹೋದ ಬಾಗಿಲು ಮೇಲೆ, ಸ್ನಾಯು ಕೊಯ್ದ ಜಾಗ ಕೆಳಗೆ. ಎರಡೂ ಒಂದರ ನೇರಕ್ಕೊಂದು ಇಲ್ಲ, ನಡುವೆ ಗಾಯವಾಗದ ಪೊರೆಯ ಹೊದಿಕೆ ಇದೆ. ಹಾಗಾಗಿ ಉಂಡದ್ದು ಸೋರುವುದಿಲ್ಲ. ಇಷ್ಟೆಲ್ಲ ಪಳಗಿದ ಕೈಗಳಲ್ಲಿ ಒಂದೆರಡು ಗಂಟೆಯೊಳಗೆ ಮುಗಿಯುತ್ತದೆ.

ಇದು ಬೆಳೆದ ಬಗೆಯನ್ನೂ ಅಂಕಿಗಳಲ್ಲೇ ಓದಬಹುದು. 2007ರಲ್ಲಿ ಪಂಕಜ್ ಜೆ. ಪಸ್ರೀಚಾ ಮತ್ತು ಸಂಗಡಿಗರು ಅಮೆರಿಕದಲ್ಲಿ ಹೀಗೊಂದು ಸುರಂಗದ ಪ್ರಯೋಗ ಪ್ರಕಟಿಸಿದರು: 4 ಹಂದಿಗಳ ಮೇಲೆ. 2008ರ ಸೆಪ್ಟೆಂಬರಿನಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಹರುಹಿರೊ ಇನೋವೆ ಅದನ್ನು ಮೊದಲ ಸಲ ಮನುಷ್ಯನಿಗೆ ಮಾಡಿದರು. 2010ರಲ್ಲಿ ಅವರು 17 ರೋಗಿಗಳ ಫಲಿತಾಂಶ ಬರೆದರು, 2015ರಲ್ಲಿ 500 ರೋಗಿಗಳದು. ಹೈದರಾಬಾದಿನಲ್ಲಿ ಡಿ. ನಾಗೇಶ್ವರ ರೆಡ್ಡಿಯವರ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ತಂಡ 2013ರ ಜನವರಿಯಿಂದ 2016ರ ಜೂನ್‌ವರೆಗಿನ 408 ರೋಗಿಗಳ ಲೆಕ್ಕ ಕೊಟ್ಟಿತು. ಲಕ್ಷಕ್ಕೆ ಒಬ್ಬರಿಗೆ ಬರುವ ಕಾಯಿಲೆಯಲ್ಲಿ 408 ಎಂದರೆ, ನಾಲ್ಕು ಕೋಟಿ ಜನರಲ್ಲಿ ಒಂದು ವರ್ಷದಲ್ಲಿ ಹುಟ್ಟುವ ರೋಗಿಗಳಷ್ಟು. ಕರ್ನಾಟಕದ ಮೂರರಲ್ಲಿ ಎರಡು ಪಾಲು ಜನಸಂಖ್ಯೆಯ ವರ್ಷದ ರೋಗಿಗಳನ್ನು ಒಂದೇ ಆಸ್ಪತ್ರೆ ಮೂರೂವರೆ ವರ್ಷದಲ್ಲಿ ನೋಡಿತು.

ಈಗ ಆ 18ಕ್ಕೆ ಬರೋಣ. ಇನೋವೆ ಅವರ ಮೊದಲ 17 ರೋಗಿಗಳಲ್ಲಿ ಚಿಕಿತ್ಸೆಗೆ ಮುನ್ನ ತೂಬಿನ ಬಿಗಿತ ಸರಾಸರಿ 52.4 ಮಿಲಿಮೀಟರ್ ಪಾದರಸ. ನೀರಿನ ಕಂಬವಾಗಿ ತಿರುಗಿಸಿದರೆ 71 ಸೆಂಟಿಮೀಟರ್. ಇರುವುದು 25 ಸೆಂಟಿಮೀಟರಿನ ಅನ್ನನಾಳ. ಬರೀ ನೀರಿನ ಭಾರದಿಂದ ಆ ಬಾಗಿಲನ್ನು ತಳ್ಳಿ ತೆರೆಯಬೇಕೆಂದರೆ ಒಂದರ ಮೇಲೊಂದು ಮೂರು ಅನ್ನನಾಳ ನಿಲ್ಲಿಸಿ ತುಂಬಬೇಕು. ಅಂದರೆ ತಲೆಯಿಂದಲೂ ಮೇಲಕ್ಕೆ! ರೋಗಿ ಎಷ್ಟೇ ನೀರು ಕುಡಿದರೂ ಪೂರ್ತಿ ಗೆಲ್ಲಲಾಗದ ಕಾಳಗವದು. ವೈದ್ಯರು ಕೊಯ್ದ ಸ್ನಾಯುವಿನ ಸರಾಸರಿ ಉದ್ದ 8.1 ಸೆಂಟಿಮೀಟರ್, ತೋರುಬೆರಳಿನಷ್ಟು. ಅದಾದ ಮೇಲೆ ಬಿಗಿತ 19.9ಕ್ಕೆ ಇಳಿಯಿತು. ನೀರಿನ ಲೆಕ್ಕದಲ್ಲಿ 27 ಸೆಂಟಿಮೀಟರ್. ಹೆಚ್ಚುಕಡಿಮೆ ಅನ್ನನಾಳದ ಉದ್ದದಷ್ಟೇ! ಸತ್ತ ನೀರಗಂಟಿಗಳು ಎದ್ದು ಬರಲಿಲ್ಲ, ತಳ್ಳುವ ಅಲೆ ಮರಳಲಿಲ್ಲ. ಏರಿಯನ್ನಷ್ಟೇ ತಗ್ಗಿಸಿದರು. ಅಷ್ಟಕ್ಕೇ ನೀರು ತನ್ನ ಭಾರಕ್ಕೆ ತಾನೇ ಹರಿಯುವ ಮಟ್ಟ ಬಂತು. ನುಂಗುವ ಕಷ್ಟವನ್ನು ಅಳೆಯುವ ಅಂಕ ಸರಾಸರಿ 10 ಇದ್ದದ್ದು 1.3ಕ್ಕೆ ಇಳಿಯಿತು.

ಹಳೆಯ ದಾರಿಗಳ ಜೊತೆ ತೂಗಿಯೂ ನೋಡಿದ್ದಾರೆ. 2019ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನವೊಂದರಲ್ಲಿ 221 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪೋಯೆಮ್, ಇನ್ನೊಂದಕ್ಕೆ ಲ್ಯಾಪರೋಸ್ಕೋಪಿ ಮಾಡಿದರು. ಎರಡು ವರ್ಷದ ಮೇಲೆ ಯಶಸ್ಸು ಕ್ರಮವಾಗಿ ಶೇ. 83 ಮತ್ತು ಶೇ. 81.7, ಸಮಬಲ. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ 133 ರೋಗಿಗಳಲ್ಲಿ ಬಲೂನಿನ ಜೊತೆ ಹೋಲಿಸಿದಾಗ ಪೋಯೆಮ್‌ಗೆ ಶೇ. 92, ಬಲೂನಿಗೆ ಶೇ. 54.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಏರಿ ತಗ್ಗಿಸಿದ ಕೆರೆಯಲ್ಲಿ ನೀರು ಎರಡೂ ಕಡೆ ಹರಿಯುತ್ತದೆ. ಲ್ಯಾಪರೋಸ್ಕೋಪಿಯಲ್ಲಿ ಸ್ನಾಯು ಕೊಯ್ದ ಮೇಲೆ ಹೊಟ್ಟೆಯ ಒಂದು ಮಡಿಕೆಯನ್ನು ಬಾಗಿಲಿಗೆ ಹೊದಿಸಿ ಹೊಲಿಯುತ್ತಾರೆ, ಪೋಯೆಮ್‌ನಲ್ಲಿ ಸಾಮಾನ್ಯವಾಗಿ ಆ ಕಾವಲು ಇರುವುದಿಲ್ಲ. 221 ರೋಗಿಗಳ ಅದೇ ಅಧ್ಯಯನದಲ್ಲಿ ಎರಡು ವರ್ಷದ ಮೇಲೆ ಆಮ್ಲ ಉಕ್ಕಿ ಅನ್ನನಾಳ ಸುಟ್ಟ ಗುರುತು ಪೋಯೆಮ್ ಆದವರಲ್ಲಿ ಶೇ. 44, ಶಸ್ತ್ರಚಿಕಿತ್ಸೆ ಆದವರಲ್ಲಿ ಶೇ. 29. ಆಮ್ಲ ತಗ್ಗಿಸುವ ಮಾತ್ರೆಯನ್ನು ಮುಂದುವರಿಸಬೇಕಾಗಬಹುದು, ಆಗಾಗ ಪರೀಕ್ಷೆಯೂ ಬೇಕು. ರಕ್ತಸ್ರಾವ, ಅನಿಲ ಸೋರಿಕೆಯಂಥ ಅಪಾಯಗಳೂ ಇವೆ, ಆದ್ದರಿಂದಲೇ ಇದು ತರಬೇತಾದವರು ಮಾತ್ರ ಮಾಡುವ ಕೆಲಸ.

ಲಕ್ಷಕ್ಕೆ ಹತ್ತು ಮಂದಿಯನ್ನು ಗುರುತಿಸುವ ಕೆಲಸ ಮಾತ್ರ ಮನೆಯ ಊಟದ ಪಂಕ್ತಿಯಲ್ಲೇ ಶುರುವಾಗಬೇಕು. ಗುರುತು ಕಷ್ಟವೇನಲ್ಲ. ಗಟ್ಟಿ ಪದಾರ್ಥ ಮಾತ್ರ ಸಿಕ್ಕಿಕೊಂಡು, ದಿನೇದಿನೇ ಬಿಗಿಯಾಗುತ್ತ ಬಂದರೆ ಒಳಗೆ ಗಡ್ಡೆ ಬೆಳೆಯುತ್ತಿರಬಹುದು, ಅದರಲ್ಲೂ ವಯಸ್ಸಾದವರಲ್ಲಿ ತಡ ಮಾಡಲೇಬಾರದು. ಮುದ್ದೆಯೂ ನೀರೂ ಎರಡೂ ಎದೆಯಲ್ಲಿ ನಿಂತರೆ ಅಕಲೇಶಿಯಾದ ಅನುಮಾನ ಬರಬೇಕು. ಮೊದಲು ಎಂಡೋಸ್ಕೋಪಿ. ಅದರಲ್ಲಿ ಏನೂ ಕಾಣಲಿಲ್ಲವೆಂದು ಸುಮ್ಮನಾಗಬೇಡಿ, ಆರಂಭದಲ್ಲಿ ಕಾಣದಿರುವುದು ಉಂಟು. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇಯಲ್ಲಿ ಅನ್ನನಾಳದ ತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಕಾಣುತ್ತದೆ. ಮೂಗಿನಿಂದ ಇಳಿಸುವ ತೆಳು ಕೊಳವೆಯ ಮೇಲೆ ಸೆಂಟಿಮೀಟರಿಗೊಂದರಂತೆ 36 ಸಂವೇದಕಗಳಿರುವ ಮ್ಯಾನೊಮೆಟ್ರಿ ಪರೀಕ್ಷೆ ತೂಬಿನ ಬಿಗಿತವನ್ನು ಅಳೆದು ಹೇಳುತ್ತದೆ.

ಪಂಕ್ತಿಯಲ್ಲಿ ಎಲ್ಲರಿಗಿಂತ ಕೊನೆಗೆ ಏಳುವವರು, ತುತ್ತಿಗೊಂದು ಲೋಟ ನೀರು ಕೇಳುವವರು, ಮದುವೆ ಮನೆ ಊಟ ಎಂದರೆ ನೆಪ ಹೇಳಿ ತಪ್ಪಿಸಿಕೊಳ್ಳುವವರು ನಿಮ್ಮ ಮನೆಯಲ್ಲೂ ಇರಬಹುದು. ‘ಗ್ಯಾಸ್ಟ್ರಿಕ್ ಇರ್ಬೇಕು ಬಿಡಿ’ ಎನ್ನುವ ಮೊದಲು ಒಂದು ಮಾತು ಕೇಳಿ: ನೀರಾದರೂ ಸಲೀಸಾಗಿ ಇಳಿಯುತ್ತದೆಯೇ? ಇಲ್ಲವೆಂದರೆ ಔಷಧಿ ಅಂಗಡಿಗೆ ಕಳಿಸಬೇಡಿ, ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.